ಮೂರೂವರೆಯ ಗೆರೆ

ಮೊದಲು ಒಂದು ಕಾಗದ ತಗೊಂಡೆ.
ಯಂತ್ರದ ವಿಷಯ ಯಂತ್ರದಲ್ಲೇ ಬರೆದಿಟ್ಟರೆ
ಯಂತ್ರ ಮಲಗಿದ ದಿನ ಓದುವವರು ಯಾರು?
ಹಳೇ ರಸೀದಿ ಪುಸ್ತಕದ ಬೆನ್ನಿಗೆ ಬಾಲ್‌ಪೆನ್ನಲ್ಲಿ ಬರೆದೆ:
ಶನಿವಾರ, ರಾತ್ರಿ ಹನ್ನೊಂದು.

ದುರ್ಗಿಗುಡಿಯ ಈ ರಕ್ತನಿಧಿಯ ಎರಡನೇ ಮಹಡಿಯಲ್ಲಿ
ಪ್ಲೇಟ್‌ಲೆಟ್ ಅಲುಗಿಸುವ ಪೆಟ್ಟಿಗೆಯ ಪಕ್ಕ
ಸಾವಿರದ ನೂರಾ ಆರು ದಿನದಿಂದ
ಒಮ್ಮೆಯೂ ಏಳದೆ ಕೂತಿದೆ ಸರ್ವರ್.
ನೋಡಿದವರು ಶಹಬ್ಬಾಸ್ ಅನ್ನುತ್ತಾರೆ.
ಅಷ್ಟು ಹೊತ್ತು ಕೂತವರಿಗೆ
ಎದ್ದು ನಿಂತಾಗ ಮಂಡಿ ಹಿಡಿಯುವುದು ನನಗೆ ಗೊತ್ತು.

ಅದರ ಲಿನಕ್ಸ್‌ಗೆ ವಯಸ್ಸಾಯಿತು.
ಏಪ್ರಿಲ್ ದಾಟಿದರೆ, ತೂತು ಬಿದ್ದಲ್ಲಿ ತೇಪೆ ಹಾಕುವವರಿಲ್ಲ.
ಹೊಸ ಆವೃತ್ತಿಗೆ ನೇರ ಹಾರುವಂತೆಯೂ ಇಲ್ಲ,
ನಡುವಿನದರ ಮೇಲೆ ಕಾಲಿಟ್ಟೇ ಹೋಗಬೇಕು.
ಆಗುಂಬೆ ಘಾಟಿಯಲ್ಲಿ ಏಳನೇ ತಿರುವು ಬಿಟ್ಟು
ಎಂಟಕ್ಕೆ ಇಳಿದ ಬಸ್ಸನ್ನು ನಾನಂತೂ ಕಂಡಿಲ್ಲ;
ಕಂಡವರು ಹೇಳಲು ಉಳಿದಿಲ್ಲ.

ಬ್ಯಾಕಪ್ ಇದೆಯೇನೋ?
ಇದೆ ಸಾರ್, ಅಂದ ಹಾಲೇಶ,
ಬೀರುವಿನ ಬೀಗದಕೈ ಇದೆ ಅನ್ನುವ ಧಾಟಿಯಲ್ಲಿ.
ತೆಗೆದು ನೋಡಿದ್ದೀಯಾ?
ಸುಮ್ಮನಾದ.

ಮೂಲೆಯ ಡೆಸ್ಕ್‌ಟಾಪಿನ ಮೇಲೆ ಸುರಿದು ನೋಡಿದೆವು.
ದಾನಿಗಳೆಲ್ಲ ಬಂದರು, ಚೀಲಗಳ ಲೆಕ್ಕ ಬಂತು,
ಕನ್ನಡದ ಹೆಸರುಗಳು ಮಾತ್ರ ಪ್ರಶ್ನೆಚಿಹ್ನೆಗಳಾಗಿ ಬಂದವು.
ಗಾಜನೂರಿನ ???????, ಒ ನೆಗೆಟಿವ್.
ಅವಕ್ಕೆ ಅಕ್ಷರ ಮರಳಿ ಕೊಡಿಸಲು ನಾಲ್ಕು ಸಂಜೆ ಹೋಯಿತು.
ನಾಲ್ಕನೆಯ ಸಂಜೆ ಪರದೆಯ ಮೇಲೆ
ಕೆಂಚಮ್ಮ ಅಂತ ಮೂಡಿದಾಗ
ಯಾರೋ ಒಳಗೆ ಬಂದ ಹಾಗೆ
ಕುರ್ಚಿ ಬಿಟ್ಟು ಎದ್ದ ಹಾಲೇಶ.

ಹಳೆಯ ಕಡತ ಉಳಿಸಲೋ, ಹೊಸತು ಹಾಕಲೋ
ಎಂದು ನಡುರಾತ್ರಿ ಕೇಳುತ್ತದೆ ಅದು.
ನಿದ್ದೆಗಣ್ಣಿನ ಉತ್ತರ ನನಗೆ ಬೇಡ;
ಹಗಲಲ್ಲೇ ಒಂದೊಂದಕ್ಕೂ ಹೌದು, ಅಲ್ಲ ಬರೆದಿಟ್ಟೆ.

ಹಾಗೆ ಬರೆಯುತ್ತಿರುವಾಗ ಸಿಕ್ಕಿತು,
ಬೆಳಗಿನ ಜಾವ ಮೂರೂ ಹತ್ತಕ್ಕೆ ದಿನಾ ಏಳುವ
ಹದಿನೇಳು ಸಾಲಿನ ಸ್ಕ್ರಿಪ್ಟು.
ನೆತ್ತಿಯ ಮೇಲೆ, ಇಂಗ್ಲಿಷ್ ಲಿಪಿಯ ಕನ್ನಡದಲ್ಲಿ:
ಇದನ್ನ ಮುಟ್ಟಬೇಡಿ. ಮುಟ್ಟೋದಾದ್ರೆ ನಂಗೊಂದು ಮಾತು ಹೇಳಿ. ಕು.
ಕುಬೇರಪ್ಪ ತೀರಿಕೊಂಡು ಮೂರು ವರ್ಷ.
ಹೊಸ ಪೈಥಾನಿಗೆ ಆ ಸಾಲುಗಳು ಅರ್ಥವಾಗುವುದಿಲ್ಲ.
ಬಿಡಿಸಿ ಓದಿದೆ. ಫ್ರಿಜ್ಜುಗಳ ಬಿಸಿ ನೋಡುವುದು,
ಎರಡರಿಂದ ಆರರ ಆಚೆ ಹೋದರೆ
ಒಂದು ನಂಬರಿಗೆ ಮೆಸೇಜು: ಫ್ರಿಜ್ ಎರಡು, ಒಂಬತ್ತು ಡಿಗ್ರಿ, ಓಡು.

ನಂಬರು ಕುಬೇರಪ್ಪನದೇ.
ಏನು ಅನ್ನಿಸಿತೋ, ಹಚ್ಚಿದೆ.
ಎತ್ತಿದವರು ರಿಪ್ಪನ್‌ಪೇಟೆಯ ಮೈಮೂನಾ, ಹೊಲಿಗೆ ಅಂಗಡಿ.
ಈ ಸಿಮ್ಮು ತಗೊಂಡಾಗಿಂದ ಬರ್ತದೆ ಸಾರ್,
ಹೆಸರು ಹುಡುಕಿಸಿ ನಿಮ್ಮ ಆಫೀಸಿನ ನಂಬರ್ ಬರ್ಕೊಂಡೆ.
ಬಂದಾಗೆಲ್ಲ ಫೋನ್ ಮಾಡಿ ಹೇಳ್ತೀನಲ್ಲ, ಯಾರೋ ಒಬ್ರು ಎತ್ತಿ ಹೂಂ ಅಂತಾರೆ.

ಹಾಲೇಶನ ಮುಖ ನೋಡಿದೆ.
ರಾತ್ರಿ ಪಾಳಿಯಲ್ಲಿ ಒಬ್ಬ ಮೇಡಂ ಫೋನ್ ಮಾಡ್ತಾರೆ ಸಾರ್,
ಫ್ರಿಜ್ ನೋಡಿ ಅಂತ ಗದರ್ತಾರೆ.
ಮೇಲಿನೋರು ಅಂದ್ಕೊಂಡಿದ್ದೆ.

ಶನಿವಾರ ರಾತ್ರಿ ಮೆಸೇಜು ಬರೋದಿಲ್ಲಮ್ಮ,
ನೀವು ಮಲಗಿ, ಅಂದೆ.
ಬರದಿದ್ರೆ ಫ್ರಿಜ್ ಸರಿ ಇದೆ ಅಂತಲೋ
ನಿಮ್ಮ ಮಿಶನ್ನೇ ಸತ್ತಿದೆ ಅಂತಲೋ?
ನನ್ನ ಹತ್ತಿರ ಉತ್ತರ ಇರಲಿಲ್ಲ.
ಇಪ್ಪತ್ತು ವರ್ಷದ ಕೆಲಸದಲ್ಲಿ
ನಾನೇ ಕೇಳಬೇಕಿದ್ದ ಪ್ರಶ್ನೆ ಅದು.

ಕಾಗದದ ಕೆಳಗೆ ಸೇರಿಸಿದೆ:
ಎಲ್ಲ ಸರಿ ಇದ್ದರೂ ದಿನಾ ಒಂದು ಮೆಸೇಜು.
ಹನ್ನೊಂದರಿಂದ, ಅರ್ಧ ಗಂಟೆಗೊಮ್ಮೆ, ಥರ್ಮಾಮೀಟರ್, ರಿಜಿಸ್ಟರ್, ಹಾಲೇಶ.
ಮೆಸ್ಕಾಂಗೆ ಹೇಳಿದ್ದು ಸಾಲದು, ಜನರೇಟರಿಗೆ ಡೀಸೆಲ್.
ಮನೆಯಿಂದಲ್ಲ, ಎದುರಿಗೇ ಕೂತು.
ಮತ್ತೆ ಒಂದು ಅಡ್ಡಗೆರೆ, ಪೆನ್ನು ಒತ್ತಿ, ಎರಡು ಸಲ:
ಮೂರೂವರೆಗೆ ಮುಗಿಯದಿದ್ದರೆ ಹಿಂದಕ್ಕೆ.
ಇನ್ನೊಂದು ಐದು ನಿಮಿಷ ಅನ್ನುವವನು ನಾನೇ ಆದ್ದರಿಂದ
ಗಡಿಯಾರ ಹಾಲೇಶನ ಕೈಯಲ್ಲಿ.

ಯಾವುದರ ಮೇಲೆ ಯಾವುದು ನಿಂತಿದೆ ಎಂಬ ಪಟ್ಟಿಯಲ್ಲಿ
ಡೇಟಾಬೇಸು, ಪ್ರಿಂಟರ್ರು, ಬಾರ್‌ಕೋಡ್ ಆದಮೇಲೆ
ಒಂದು ಸಾಲು ಖಾಲಿ ಇತ್ತು.
ಮೈಮೂನಾ, ರಿಪ್ಪನ್‌ಪೇಟೆ.

ಮಡಚಿ ಜೇಬಿಗೆ ಹಾಕಿದೆ.
ಇವತ್ತಿನ್ನೂ ಗುರುವಾರ.